ಸ್ಕೇಟಿಂಗ್ ಗೊಂಬೆಗೆ ಕಿಟ್, ಐವರಿ ಶೀಟ್, ಮದುವೆ ಕಾಗದ: ನನ್ನ ಓಟು ಮದುವೆ ಕಾಗದಕ್ಕೆ

ಮಳೆಗಾಲದಲ್ಲಿ ಮಕ್ಕಳ ಜೊತೆ ಐಸ್ ಸ್ಕೇಟಿಂಗ್ ಮಾಡುವ ಕಾಗದದ ಗೊಂಬೆ ಮಾಡಬೇಕಾ? ಹಳೆಯ ಮದುವೆ ಕಾಗದ, ಅಂದರೆ ಆಮಂತ್ರಣ ಪತ್ರಿಕೆ ಹುಡುಕಿ. ಉಡುಪಿಯ ನಮ್ಮ ಮನೆಯಲ್ಲಿ ಮೂರು ಬಗೆಯಲ್ಲೂ ಮಾಡಿ ನೋಡಿದೆವು. ಒಂದು, ಆನ್‌ಲೈನ್‌ನಲ್ಲಿ ತರಿಸಿದ 600 ರೂಪಾಯಿಯ ಕಿಟ್. ಇನ್ನೊಂದು, ಝೆರಾಕ್ಸ್ ಅಂಗಡಿಯಲ್ಲಿ ಐವರಿ ಶೀಟ್ ಅನ್ನುವ ನುಣುಪಾದ ದಪ್ಪ ಹಾಳೆಯ ಮೇಲೆ ಪ್ರಿಂಟ್ ತೆಗೆಸಿದ್ದು. ಮತ್ತೊಂದು, ಕಪಾಟಿನಲ್ಲಿ ರಾಶಿ ಬಿದ್ದಿದ್ದ ಮದುವೆ ಕಾಗದದ್ದು. ಎರಡನೇ ಕ್ಲಾಸಿನ ನನ್ನ ಮಗಳು, ಐದನೇ ಕ್ಲಾಸಿನ ಅಣ್ಣನ ಮಗ, ಇವರೇ ಕತ್ತರಿ ಹಿಡಿದವರು.

ಕಿಟ್‌ನ ಚಿತ್ರಗಳು ಬಹಳ ಚಂದ. ಬಣ್ಣವೂ ಒಳ್ಳೆಯದು. ಕತ್ತರಿಸುವ ಕೆಲಸವೇ ಇಲ್ಲ, ಒತ್ತಿದರೆ ಗೊಂಬೆ ಕಳಚಿ ಬರುತ್ತದೆ. ಆದರೆ ಸಂಜೆಯೊಳಗೆ ಗೊಂಬೆ ಸೊಂಟದಲ್ಲಿ ಬಗ್ಗಿತು. "ಅತ್ತೆ, ಇವಳಿಗೆ ಎಂತ ಆಯ್ತು? ನಿಲ್ಲುವುದೇ ಇಲ್ಲ" ಅಂತ ಅಣ್ಣನ ಮಗ ತಂದು ತೋರಿಸಿದ. ನೆಟ್ಟಗೆ ಮಾಡಿ ಪ್ಲಾಸ್ಟಿಕ್ ಸ್ಟ್ಯಾಂಡಿಗೆ ಸಿಕ್ಕಿಸಿದರೂ ಮತ್ತೆ ಮುಂದಕ್ಕೆ ಬಾಗಿತು. ಭಾರವಾದ ಪುಸ್ತಕದ ಅಡಿ ಇಟ್ಟು ಬೆಳಿಗ್ಗೆ ತೆಗೆದರೆ ಸರಿ ಇತ್ತು. ಮಧ್ಯಾಹ್ನಕ್ಕೆ ಮತ್ತೆ ಅದೇ ಕಥೆ.

ಜುಲೈನಲ್ಲಿ ಇಲ್ಲಿ ಹಪ್ಪಳ ಮೆತ್ತಗಾಗುತ್ತದೆ, ಉಪ್ಪು ನೀರೊಡೆಯುತ್ತದೆ. ಕಾಗದವೂ ತೇವ ಎಳೆಯುತ್ತದೆ, ಅದು ಗೊತ್ತಿದ್ದದ್ದೇ. ಆದರೆ ಅದೇ ಮನೆಯಲ್ಲಿ, ಅದೇ ಮೇಜಿನ ಮೇಲೆ ಮದುವೆ ಕಾಗದದ ಗೊಂಬೆ ಯಾಕೆ ನೆಟ್ಟಗೆ ನಿಂತಿತು? ಬರೀ ದಪ್ಪದಿಂದ ಅಲ್ಲ. ಕಿಟ್‌ನ ಹಾಳೆಯೂ ಸಾಕಷ್ಟು ದಪ್ಪವೇ ಇತ್ತು.

ವ್ಯತ್ಯಾಸ ಇರುವುದು ನಾರಿನ ದಿಕ್ಕಿನಲ್ಲಿ. ಪ್ರೆಸ್ಸಿನವರು ಇದಕ್ಕೆ ಗ್ರೈನ್ ಅನ್ನುತ್ತಾರೆ. ಕಾಗದ ತಯಾರಾಗುವಾಗ ಯಂತ್ರ ಓಡುವ ದಿಕ್ಕಿಗೆ ಹೆಚ್ಚಿನ ನಾರುಗಳು ಸಾಲಾಗಿ ಮಲಗುತ್ತವೆ. ತೇವ ತಗುಲಿದಾಗ ನಾರು ಉದ್ದಕ್ಕೆ ಬೆಳೆಯುವುದು ತೀರಾ ಕಡಿಮೆ, ಅಡ್ಡಕ್ಕೆ ಉಬ್ಬುವುದು ಜಾಸ್ತಿ. ಒಂದು ಬದಿಗೆ ಹೊಳಪಿನ ಲೇಪ ಇದ್ದರೆ ಇನ್ನೊಂದು ಬದಿ ಮಾತ್ರ ಹೆಚ್ಚು ಉಬ್ಬುತ್ತದೆ, ಹಾಳೆ ಸುರುಳಿಯಾಗುತ್ತದೆ. ಗೊಂಬೆಯಲ್ಲಿ ನಾರು ತಲೆಯಿಂದ ಕಾಲಿಗೆ ಇದ್ದರೆ ಅದು ಎಡಬಲಕ್ಕೆ ಸ್ವಲ್ಪ ಬಳುಕಬಹುದು, ಆದರೆ ನಿಂತೇ ಇರುತ್ತದೆ. ನಾರು ಅಡ್ಡಕ್ಕಿದ್ದರೆ ಸೊಂಟ ಮಡಚುತ್ತದೆ. ಕಿಟ್‌ನ ಉಳಿದ ಅಂಚನ್ನು ಬಗ್ಗಿಸಿ ನೋಡಿದೆ. ನಾರು ಅಡ್ಡಕ್ಕೇ ಇತ್ತು. ಅದು ಮೊದಲೇ ಅಚ್ಚು ಹೊಡೆದ ಗೊಂಬೆ, ನಾವೇನೂ ಮಾಡುವ ಹಾಗಿಲ್ಲ. ಮದುವೆ ಕಾಗದವನ್ನಾದರೆ ನಾವೇ ಕತ್ತರಿಸುವುದು, ನಾರು ತಲೆಯಿಂದ ಕಾಲಿಗೆ ಬರುವ ಹಾಗೆ ಇಟ್ಟುಕೊಳ್ಳಬಹುದು. 600 ರೂಪಾಯಿ ಕೊಟ್ಟವರಿಗೆ ಇದು ಬೇಸರದ ಸಂಗತಿ, ಅಲ್ವಾ?

ದಿಕ್ಕು ಪತ್ತೆ ಹಚ್ಚುವುದು ಮಕ್ಕಳಿಗೂ ಸುಲಭ. ಸಣ್ಣ ಚೌಕ ತುಂಡು ಕತ್ತರಿಸಿ, ಒಂದು ಬದಿಗೆ ಒದ್ದೆ ಬೆರಳು ಸವರಿ. ತುಂಡು ಕೊಳವೆಯ ಹಾಗೆ ಸುತ್ತಿಕೊಳ್ಳುತ್ತದೆ. ಕೊಳವೆಯ ಉದ್ದ ಯಾವ ಕಡೆಗಿದೆಯೋ ನಾರು ಆ ಕಡೆಗಿದೆ. ಲೇಪ ಇರುವ ಕಾಗದವಾದರೆ ಲೇಪ ಇಲ್ಲದ ಬದಿಗೆ ಸವರಬೇಕು. ನನ್ನ ಮಗಳಿಗೆ ಗೊಂಬೆಗಿಂತ ಈ ಪರೀಕ್ಷೆಯೇ ಇಷ್ಟವಾಗಿ ಮನೆಯ ಕ್ಯಾಲೆಂಡರ್‌ವರೆಗೂ ಹೋಯಿತು.

ಐವರಿ ಶೀಟ್ ಪರವಾಗಿಲ್ಲ. ಪ್ರಿಂಟಿಗೆ 20 ರೂಪಾಯಿ ಆಯಿತು. ಅಂಗಡಿಯವರಿಗೆ ಹೇಳಿದರೆ ಹಾಳೆಯ ದಿಕ್ಕು ನೋಡಿ ಚಿತ್ರ ತಿರುಗಿಸಿ ಕೊಡುತ್ತಾರೆ.

ಮದುವೆ ಕಾಗದಕ್ಕೂ ತೊಂದರೆ ಇಲ್ಲ ಅಂತಲ್ಲ. ಮಿನುಗುವ ಲೇಪದ ಕಾಗದದ ಮೇಲೆ ಸ್ಕೆಚ್ ಪೆನ್ ಒಣಗುವುದಿಲ್ಲ, ಒರೆಸಿ ಹೋಗುತ್ತದೆ. ಅಲ್ಲಿ ಕ್ರೇಯಾನ್ ಆಗುತ್ತದೆ. ಗಣಪತಿ ಇರುವ ಹಾಳೆಗೆ ಕತ್ತರಿ ಹಾಕಲು ನಮ್ಮ ಅಮ್ಮ ಬಿಡಲಿಲ್ಲ. ಅವರು ಹೇಳಿದ್ದು ನನಗೂ ಸರಿ ಅನಿಸಿತು. ಆ ಹಾಳೆಗಳನ್ನು ತೆಗೆದಿಟ್ಟು ಒಳಗಿನ ಹಾಳೆ, ದಪ್ಪ ಕವರ್ ಮಾತ್ರ ಬಳಸಿದೆವು. ಎರಡು ಪದರ ಅಂಟಿಸುವಾಗ ಫೆವಿಕಾಲ್ ಬೇಡ, ಅದರ ನೀರಿಗೇ ಕಾಗದ ಡೊಂಕಾಗುತ್ತದೆ. ಗ್ಲೂ ಸ್ಟಿಕ್ ಸಾಕು.

ಇನ್ನು ಸ್ಕೇಟಿಂಗ್. ಕಿಟ್‌ನ ಗೊಂಬೆ ಸ್ಟ್ಯಾಂಡಿನಲ್ಲಿ ನಿಲ್ಲುತ್ತದೆ, ಅಷ್ಟೇ. ನಮ್ಮದು ಓಡುತ್ತದೆ. ಒಂದು ಪಾದ ಮುಂದಕ್ಕೆ, ಒಂದು ಹಿಂದಕ್ಕೆ ಮಡಚಿ ಎರಡಕ್ಕೂ ಕಬ್ಬಿಣದ ಜೆಮ್ ಕ್ಲಿಪ್ ಸಿಕ್ಕಿಸಿದೆವು. ಅದೇ ಬ್ಲೇಡು, ಅದೇ ಆಧಾರ. ಶರ್ಟಿನ ಬಾಕ್ಸಿನ ಪಾರದರ್ಶಕ ಮುಚ್ಚಳವೇ ಐಸು. ಎರಡು ಬದಿಗೆ ಪುಸ್ತಕ ಪೇರಿಸಿ ಮುಚ್ಚಳ ಇಟ್ಟು, ಅಡಿಯಿಂದ ಆಯಸ್ಕಾಂತ ಸರಿಸಿದರೆ ಗೊಂಬೆ ಜಾರುತ್ತದೆ, ತಿರುಗುತ್ತದೆ. ಅಲ್ಯೂಮಿನಿಯಂ ಫಾಯಿಲ್ ಹಾಸಿದರೆ ಹೊಳಪು ಚಂದ, ಆದರೆ ಕ್ಲಿಪ್ ಸಿಕ್ಕಿ ಹರಿಯುತ್ತದೆ. ಆಯಸ್ಕಾಂತ ಹಳೆಯ ಸ್ಪೀಕರಿನ ದೊಡ್ಡ ಬಳೆಯಾಕಾರದ್ದೇ ಇರಲಿ. ಗುಂಡಿಯಷ್ಟು ಸಣ್ಣ, ಬಲವಾದ ಆಯಸ್ಕಾಂತ ಮಕ್ಕಳ ಕೈಗೆ ಕೊಡಲೇಬೇಡಿ. ಒಂದಕ್ಕಿಂತ ಹೆಚ್ಚು ನುಂಗಿದರೆ ಕರುಳಿನ ಒಳಗೇ ಒಂದಕ್ಕೊಂದು ಅಂಟಿಕೊಂಡು ಕರುಳು ತೂತಾಗುವ ಅಪಾಯ ಇದೆ.

ಬಟ್ಟೆಯ ವಿಷಯದಲ್ಲಿ ಸ್ವಂತ ಕೈಕೆಲಸಕ್ಕೆ ಸಾಟಿ ಇಲ್ಲ. ಕಿಟ್‌ನಲ್ಲಿ ಪಾದದವರೆಗಿನ ಗೌನು ಇತ್ತು. ಅದು ನೆಲಕ್ಕೆ ಉಜ್ಜುತ್ತದೆ. ಮಗಳಿಗೆ ಸೋನ್ಯಾ ಹೆನಿ ಬಗ್ಗೆ ಹೇಳಿದೆ. ನಾರ್ವೆಯವರು. 1928, 1932, 1936, ಮೂರೂ ಒಲಿಂಪಿಕ್ಸ್‌ನಲ್ಲಿ ಫಿಗರ್ ಸ್ಕೇಟಿಂಗ್ ಚಿನ್ನ ಗೆದ್ದವರು. ಗಿಡ್ಡ ಸ್ಕರ್ಟು, ಬಿಳಿ ಬೂಟು ಹೆಣ್ಣುಮಕ್ಕಳಲ್ಲಿ ಬಳಕೆಗೆ ಬಂದದ್ದರಲ್ಲಿ ಅವರ ಪಾಲು ದೊಡ್ಡದು. ಅವರದೇ ಕಾಗದದ ಗೊಂಬೆಗಳೂ ಆಗ ಅಮೆರಿಕದಲ್ಲಿ ಮಾರಾಟಕ್ಕಿದ್ದವು. ಮಗಳು ಕೂಡಲೇ ಸ್ಕರ್ಟನ್ನು ಮೊಣಕಾಲಿಗೆ ಕತ್ತರಿಸಿದಳು, ಬ್ಲೇಡಿನ ತುದಿಗೆ ಹಲ್ಲುಗಳನ್ನೂ ಬರೆದಳು. ಫಿಗರ್ ಸ್ಕೇಟಿನ ಮುಂಭಾಗದಲ್ಲಿ ನಿಜವಾಗಿಯೂ ಹಾಗೆ ಹಲ್ಲು ಇರುತ್ತವೆ. ಅಣ್ಣನ ಮಗನದ್ದು ಹುಲಿವೇಷ. ಅಷ್ಟಮಿಯಲ್ಲಿ ರಥಬೀದಿಯಲ್ಲಿ ನೋಡಿದ್ದ ಪಟ್ಟೆಗಳನ್ನೇ ಬಳಿದ. ಯಕ್ಷಗಾನದ ಕಿರೀಟವನ್ನೂ ಮಾಡಿದ, ಆದರೆ ತಲೆ ಭಾರವಾಗಿ ಗೊಂಬೆ ತಿರುವಿನಲ್ಲಿ ಬಿತ್ತು. ಕಿರೀಟಕ್ಕೆ ಮಾತ್ರ ತೆಳು ಹಾಳೆ ಹಾಕಿದ ಮೇಲೆ ಸರಿಯಾಯಿತು.

ನವೆಂಬರ್ ನಂತರ ಯಾರಿಗಾದರೂ ಉಡುಗೊರೆ ಕೊಡಲು ಕಿಟ್ ಅಡ್ಡಿಯಿಲ್ಲ. ಪ್ರಿಂಟ್ ಬೇಕು, ಅಚ್ಚುಕಟ್ಟು ಬೇಕು ಅನ್ನುವವರಿಗೆ ಐವರಿ ಶೀಟ್. ನನಗೆ ಈ ಆಟ ಬೇಕಾಗುವುದು ಮಳೆಗೆ ಜಿಲ್ಲಾಧಿಕಾರಿ ರಜೆ ಕೊಟ್ಟ ದಿನ. ಆ ದಿನ ಸುರಿಯುವ ಮಳೆಯಲ್ಲಿ ಅಂಗಡಿಗೆ ಹೋಗುವ ಮನಸ್ಸಿರುವುದಿಲ್ಲ, ಪಾರ್ಸೆಲ್ಲೂ ಬರುವುದಿಲ್ಲ. ಮದುವೆ ಕಾಗದ ಮನೆಯಲ್ಲೇ ಇರುತ್ತದೆ, ಖರ್ಚು ಕ್ಲಿಪ್ಪಿನದ್ದು ಮಾತ್ರ. ಹಾಳಾದರೆ ಮಕ್ಕಳು ಇನ್ನೊಂದು ಕತ್ತರಿಸುತ್ತಾರೆ, ನಾನೂ ಗದರುವುದಿಲ್ಲ. ಈಗ ನೆಂಟರ ಮನೆಗಳಲ್ಲೂ ಹೇಳಿಟ್ಟಿದ್ದೇನೆ, ಮೇ ತಿಂಗಳ ಮದುವೆ ಕಾಗದಗಳನ್ನು ಎಸೆಯಬೇಡಿ ಅಂತ.