ವೃಷಭಾವತಿಗೆ ಯಾವ ಗ್ರಿಡ್? ಎಚ್3, ಹೈಡ್ರೋಶೆಡ್ಸ್, ಮೆರಿಟ್ ಹೈಡ್ರೋ

ಬೆಂಗಳೂರಿನ ವೃಷಭಾವತಿ ನದಿಗೆ ಎಲ್ಲೆಲ್ಲಿಂದ ನೀರು ಬರುತ್ತದೆ ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಲು ನೆಲವನ್ನು ಸಣ್ಣ ಸಣ್ಣ ತುಂಡುಗಳಾಗಿ, ಅಂದ್ರೆ ಸೆಲ್‌ಗಳಾಗಿ, ಹಂಚಿಕೊಳ್ಳಬೇಕು. ಆ ಹಂಚಿಕೆಯೇ ಗ್ರಿಡ್. ಮೂರು ಗ್ರಿಡ್‌ಗಳಲ್ಲಿ ನನ್ನ ಓಟು ಮೆರಿಟ್ ಹೈಡ್ರೋಗೆ. ಮೂರನ್ನೂ ವೃಷಭಾವತಿ ಕಣಿವೆ ಮೇಲೆ ಓಡಿಸಿ ನೋಡಿಯೇ ಹೇಳುತ್ತಿದ್ದೇನೆ.

ಟ್ಯಾಕ್ಸಿ ಕಂಪನಿ ಊಬರ್ ಮಾಡಿದ ಎಚ್3 ಮೇಲೆ ನನಗೆ ತುಂಬಾ ಆಸೆ ಇತ್ತು. ಜೇನುಗೂಡಿನಂಥ ಷಡ್ಭುಜಗಳು. ಒಂದು ಸೆಲ್‌ಗೆ ಆರು ನೆರೆ, ಆರೂ ಹೆಚ್ಚುಕಡಿಮೆ ಒಂದೇ ದೂರ. ಚೌಕದ ಗ್ರಿಡ್‌ನಲ್ಲಿ ಮೂಲೆ ಕಡೆ ಹರಿಯುವ ನೀರಿಗೆ ದೂರ 1.41 ಪಟ್ಟು, ಆ ಲೆಕ್ಕದ ಗೋಜು ಇಲ್ಲಿಲ್ಲ.

ತೊಡಕು ಶುರುವಾಗುವುದು ಸಣ್ಣ ಸೆಲ್‌ಗಳನ್ನು ದೊಡ್ಡದಕ್ಕೆ ಸೇರಿಸುವಾಗ. ಏಳು ಸಣ್ಣ ಷಡ್ಭುಜ ಸೇರಿ ಒಂದು ದೊಡ್ಡದು ಅಂತ ಲೆಕ್ಕ. ಆದರೆ ಏಳನ್ನು ಜೋಡಿಸಿದರೆ ಸರಿಯಾದ ಷಡ್ಭುಜ ಆಗುವುದಿಲ್ಲ, ಅಲ್ವಾ? ಅಂಚು ಕೆಲವು ಕಡೆ ಹೊರಗೆ ಚಾಚುತ್ತದೆ, ಕೆಲವು ಕಡೆ ಒಳಗೆ ಸರಿಯುತ್ತದೆ. ಟ್ಯಾಕ್ಸಿ ಎಣಿಸುವವರಿಗೆ ಇದರಿಂದ ನಷ್ಟವಿಲ್ಲ. ನೀರಿಗೆ ಇದೆ. ಮಳೆಯನ್ನು ದೊಡ್ಡ ಸೆಲ್‌ನ ಗೆರೆಗೆ ಕತ್ತರಿಸಿ, ಹರಿವನ್ನು ಏಳು ಸಣ್ಣ ಸೆಲ್‌ಗಳಿಂದ ಕೂಡಿಸಿದರೆ ಎರಡೂ ಒಂದೇ ನೆಲದ ಲೆಕ್ಕ ಆಗುವುದಿಲ್ಲ.

ಬೇರೆ ಊರಾಗಿದ್ದರೆ ಸಣ್ಣ ವ್ಯತ್ಯಾಸ ಅಂತ ಬಿಡಬಹುದಿತ್ತು. ಬೆಂಗಳೂರು ಕೂತಿರುವುದೇ ದಿಣ್ಣೆ ಮೇಲೆ. ಬಸವನಗುಡಿ ಕಡೆಯಿಂದ ಪಶ್ಚಿಮಕ್ಕೆ ಇಳಿದ ನೀರು ವೃಷಭಾವತಿ, ಅರ್ಕಾವತಿ ಸೇರಿ ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಇಳಿದದ್ದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ. ಹೊರಗೆ ಚಾಚಿದ ಅಂಚು ದಿಣ್ಣೆಯ ಆಚೆ ಬಿದ್ದರೆ ಪಿನಾಕಿನಿಯ ನೀರು ಕಾವೇರಿ ಖಾತೆಗೆ ಜಮಾ! ಸೆಲ್ ಎಷ್ಟು ಸಣ್ಣದು ಮಾಡಿದರೂ, ಕೂಡಿಸುವಾಗ ಅದೇ ಕಥೆ.

ಉಳಿದ ಎರಡೂ ಚೌಕದ ಗ್ರಿಡ್‌ಗಳು, ನೀರು ಯಾವ ಕಡೆ ಹರಿಯುತ್ತದೆ ಅನ್ನುವುದು ಅವುಗಳಲ್ಲಿ ಮೊದಲೇ ತುಂಬಿರುತ್ತದೆ. ಹೈಡ್ರೋಶೆಡ್ಸ್ ಗಟ್ಟಿ ಕೆಲಸ. ಆದರೆ ಅದರ ಮೊದಲ ಆವೃತ್ತಿಯ ಎತ್ತರದ ಮಾಹಿತಿ 2000ನೇ ಇಸವಿಯ ಬಾಹ್ಯಾಕಾಶ ನೌಕೆಯ ರೇಡಾರ್‌ನದು, ಕಾಡಿರುವ ಕಡೆ ಅದು ಮರದ ತಲೆಯನ್ನೂ ನೆಲದ ಎತ್ತರಕ್ಕೆ ಸೇರಿಸಿಬಿಡುತ್ತದೆ. 2019ರ ಮೆರಿಟ್ ಹೈಡ್ರೋದಲ್ಲಿ ಆ ದೋಷವನ್ನು ಬಹುಮಟ್ಟಿಗೆ ಕಳೆದಿದ್ದಾರೆ.

ಮೆರಿಟ್ ನನಗೆ ಒಗ್ಗಿದ್ದು ಅದರ ಸರಳತನಕ್ಕೆ. ಪ್ರತಿ ಸೆಲ್‌ನಲ್ಲಿ ಒಂದು ಅಂಕಿ: 1 ಅಂದ್ರೆ ನೀರು ಪೂರ್ವಕ್ಕೆ, 4 ದಕ್ಷಿಣಕ್ಕೆ, 16 ಪಶ್ಚಿಮಕ್ಕೆ, 64 ಉತ್ತರಕ್ಕೆ. ಉಳಿದ 2, 8, 32, 128 ಮೂಲೆಗಳಿಗೆ. ಅನುಮಾನ ಬಂದರೆ ದಿಣ್ಣೆಯ ಮೇಲಿನ ಸೆಲ್‌ಗಳನ್ನು ಒಂದೊಂದಾಗಿ ಕ್ಲಿಕ್ ಮಾಡಿ ಓದಿಕೊಂಡು ಹೋಗಬಹುದು. 16 ಇದ್ದಲ್ಲಿಂದ 1ಕ್ಕೆ ಬದಲಾಗುವ ಜಾಗವೇ ದಿಣ್ಣೆಯ ನೆತ್ತಿ. ಸೆಲ್‌ಗಳನ್ನು ಡಿಗ್ರಿಯಲ್ಲಿ ಅಳೆಯುವುದರಿಂದ ಉತ್ತರಕ್ಕೆ ಹೋದಂತೆ ಸೆಲ್ ಕಿರಿದಾಗುತ್ತದೆ ಅನ್ನುವ ದೂರು ನಿಜ, 60 ಡಿಗ್ರಿ ಅಕ್ಷಾಂಶದಲ್ಲಿ ಅಗಲ ಅರ್ಧಕ್ಕೆ ಇಳಿಯುತ್ತದೆ. ನಮ್ಮ 13 ಡಿಗ್ರಿಯಲ್ಲಿ ಕಡಿಮೆಯಾಗುವುದು ಶೇ. 3ಕ್ಕಿಂತ ಕಮ್ಮಿ. ನಾರ್ವೆಯ ನದಿ ಮಾಡುವವರು ಬೇರೆ ಯೋಚಿಸಲಿ.

ದುಡ್ಡಿನ ಮಾತು: ಮೂರಕ್ಕೂ ಕಾಸು ಕೊಡಬೇಕಿಲ್ಲ. ಮೆರಿಟ್‌ಗೆ ಮಾತ್ರ ಮೊದಲು ನೋಂದಣಿ ಮಾಡಿಸಬೇಕು. ಎನ್10ಇ075 (ಉತ್ತರ 10, ಪೂರ್ವ 75 ಡಿಗ್ರಿಯಿಂದ ಶುರುವಾಗುವ ತುಂಡು) ಅನ್ನುವ ಒಂದೇ ಫೈಲ್‌ನಲ್ಲಿ ನಂದಿಬೆಟ್ಟ, ಸಂಗಮ, ಪಿನಾಕಿನಿ ಕಡಲು ಸೇರುವ ಕಡಲೂರು ಎಲ್ಲಾ ಬರುತ್ತದೆ. 3.6 ಕೋಟಿ ಸೆಲ್, ನನ್ನ 8 ಜಿಬಿ ಲ್ಯಾಪ್‌ಟಾಪ್‌ಗೆ ಸಾಕು. ಹೊಸ ಮೆಷಿನ್ ಬೇಕಿಲ್ಲ.

ರಾಜಕಾಲುವೆ ಮಾತ್ರ ಸುಮಾರು 90 ಮೀಟರಿನ ಸೆಲ್‌ಗೆ ಕಾಣುವುದಿಲ್ಲ. ಅದನ್ನು ನಡೆದು ನೋಡಿ, ಕೈಯಾರೆ ತಿದ್ದಬೇಕು.