ಆಟೊಪೆಪ್8, ಯಾಪ್ಫ್, ಬ್ಲ್ಯಾಕ್: ಹಳೆಯ ಕೋಡಿನ ಮೇಲೆ ಓಡಿಸಿ ನೋಡಿದಾಗ

ವಿರಾಜಪೇಟೆ, ಗೋಣಿಕೊಪ್ಪ ಕಡೆಯ ನಾವು ಕೆಲವರು ದೊಡ್ಡದೊಂದು ಮುಕ್ತ ತಂತ್ರಾಂಶ ಯೋಜನೆಗೆ ಪೈಥಾನ್ ಕೋಡ್ ಬರೆಯುತ್ತೇವೆ. ಅಲ್ಲಿನ ಚರ್ಚೆ ಬಹಳ ಸಲ ತರ್ಕದ ಬಗ್ಗೆ ನಡೆಯುವುದೇ ಇಲ್ಲ. ಉದ್ಧರಣ ಚಿಹ್ನೆ ಒಂಟಿಯೋ ಜೋಡಿಯೋ, ಸಾಲನ್ನು ಎಲ್ಲಿ ಮುರಿಯಬೇಕು ಎಂಬುದರಲ್ಲೇ ಮುಗಿಯುತ್ತದೆ. ಆಟಿಯ ಮಳೆಯಲ್ಲಿ ಕರೆಂಟೂ ನೆಟ್‌ವರ್ಕೂ ಕೈಕೊಟ್ಟಾಗ ಅಂಥದೊಂದು ಟಿಪ್ಪಣಿಗೆ ಉತ್ತರಿಸಿ ಕೋಡನ್ನು ಮತ್ತೆ ಕಳಿಸಲು ಇಡೀ ದಿನ ಬೇಕು. ಹೊಸಬರು ಇಲ್ಲಿಯೇ ಸೋತು ಬಿಟ್ಟುಹೋಗುತ್ತಾರೆ. ಅದಕ್ಕೆಂದೇ ಇಡೀ ಕೋಡಿನ ನಕಲು ಮಾಡಿಕೊಂಡು ಆಟೊಪೆಪ್8, ಯಾಪ್ಫ್, ಬ್ಲ್ಯಾಕ್ ಎಂಬ ಮೂರು ಫಾರ್ಮ್ಯಾಟರ್‌ಗಳನ್ನೂ, ಅಂದರೆ ಕೋಡಿನ ಬರವಣಿಗೆಯ ಶೈಲಿಯನ್ನು ತಾವೇ ತಿದ್ದುವ ಸಾಧನಗಳನ್ನು, ಅದರ ಮೇಲೆ ಓಡಿಸಿದೆ.

ಆಟೊಪೆಪ್8 ಸೌಮ್ಯ ಸ್ವಭಾವದ್ದು. ಶೈಲಿಯ ದೋಷ ಹುಡುಕುವ ಪೈಕೋಡ್‌ಸ್ಟೈಲ್ ಎಂಬ ಸಾಧನ ತಪ್ಪೆಂದು ತೋರಿಸಿದ್ದನ್ನು ತಿದ್ದಿ ಉಳಿದದ್ದನ್ನು ಇದ್ದಂತೆಯೇ ಬಿಡುತ್ತದೆ. ಉದ್ಧರಣ ಚಿಹ್ನೆಯ ಜಗಳವೂ ಇದ್ದಂತೆಯೇ ಉಳಿಯಿತು.

ಯಾಪ್ಫ್‌ನಲ್ಲಿ ಆಯ್ಕೆಗಳು ಹೇರಳ. ಪೈಥಾನ್‌ನ ಅಧಿಕೃತ ಶೈಲಿ ಮಾರ್ಗಸೂಚಿಯಾದ ಪೆಪ್8 ಅಥವಾ ಗೂಗಲ್ ಶೈಲಿಯನ್ನು ಆಧಾರವಾಗಿಟ್ಟುಕೊಂಡು ಬೇಕಾದಂತೆ ಹೊಂದಿಸಬಹುದು. ಒಬ್ಬರೇ ಬರೆಯುವ ಕೋಡಿಗೆ ಇದು ಚೆನ್ನ. ನೂರಾರು ಜನ ಸೇರುವಲ್ಲಿ ಮಾತ್ರ ವಾದವೆಲ್ಲ ಸೆಟ್ಟಿಂಗ್ಸ್ ಕಡತಕ್ಕೆ ವರ್ಗವಾಗುತ್ತದೆ, ಅಷ್ಟೇ.

ಬ್ಲ್ಯಾಕ್ ಯಾರನ್ನೂ ಕೇಳುವುದಿಲ್ಲ. ಸಾಲಿಗೆ 88 ಅಕ್ಷರ, ಜೋಡಿ ಉದ್ಧರಣ ಚಿಹ್ನೆ, ಬೆರಳೆಣಿಕೆಯ ಆಯ್ಕೆಗಳು. ತಿದ್ದಿದ ಮೇಲೆ ಹಳೆಯ ಮತ್ತು ಹೊಸ ಕೋಡಿನ ಸಿಂಟ್ಯಾಕ್ಸ್ ಟ್ರೀಗಳನ್ನು (ಕೋಡಿನ ವ್ಯಾಕರಣ ರಚನೆಗಳನ್ನು) ಹೋಲಿಸಿ, ಅರ್ಥ ಬದಲಾಗಿಲ್ಲವೆಂದು ತಾನೇ ಖಚಿತಪಡಿಸಿಕೊಳ್ಳುತ್ತದೆ. ಹಳೆಯ ಕೋಡಿಗೆ ಕೈಹಾಕುವಾಗ ಈ ಧೈರ್ಯ ದೊಡ್ಡದು. ನೋವಾದದ್ದು ಒಂದೇ ಕಡೆ: ತೋಟದವರು ಇಂಚು, ಸೆಂಟುಗಳಲ್ಲಿ ಬರೆದಿಟ್ಟ ಮಳೆಯ ಲೆಕ್ಕವನ್ನು ಪರೀಕ್ಷೆಗಾಗಿ ಕೋಷ್ಟಕದಂತೆ ಅಂದವಾಗಿ ಜೋಡಿಸಿದ್ದೆವು. ಪಟ್ಟಿಯ ಕೊನೆಯ ಅಂಕಿಯ ನಂತರವೂ ಅಲ್ಪವಿರಾಮವಿದ್ದ ಕಡೆಯೆಲ್ಲ ಬ್ಲ್ಯಾಕ್ ಅಂಕಿಗೊಂದು ಸಾಲಿನಂತೆ ಅದನ್ನು ಚೆಲ್ಲಿಬಿಟ್ಟಿತು. ಅಂಥ ಕಡೆ ‘ಎಫ್‌ಎಂಟಿ: ಆಫ್’ ಎಂಬ ಟಿಪ್ಪಣಿ ಹಾಕಿ ಕಾಪಾಡಿಕೊಳ್ಳಬೇಕು. ಆದರೂ ನನ್ನ ಮತ ಬ್ಲ್ಯಾಕ್‌ಗೇ. ರಫ್ ಎಂಬ ಇನ್ನೊಂದು ಸಾಧನ ಕೂಡ ಬಹುಪಾಲು ಇದೇ ಶೈಲಿಯನ್ನು ಹೆಚ್ಚು ವೇಗವಾಗಿ ಕೊಡುತ್ತದೆ. ಹಳೆಯ ಲ್ಯಾಪ್‌ಟಾಪ್ ಇರುವವರು ಅದನ್ನು ನೋಡಬಹುದು.

ಇನ್ನು, ಒಂದೇ ಏಟಿಗೆ ಎಲ್ಲವನ್ನೂ ತಿದ್ದುವುದೋ, ಡಾರ್ಕರ್ ಎಂಬ ಸಾಧನ ಬಳಸಿ, ನಾವು ಬದಲಾಯಿಸಿದ ಸಾಲುಗಳನ್ನಷ್ಟೇ ತಿದ್ದುವುದೋ? ಎರಡನೆಯದರಲ್ಲಿ ಒಂದೇ ಕಡತದೊಳಗೆ ಎರಡು ಶೈಲಿಗಳು ವರ್ಷಗಟ್ಟಲೆ ಉಳಿಯುತ್ತವೆ. ವೆಬ್ ತಾಣ ಕಟ್ಟಲು ಬಳಸುವ ಪೈಥಾನ್ ಚೌಕಟ್ಟು ಜಾಂಗೊ 2019ರಲ್ಲೇ ಬ್ಲ್ಯಾಕ್ ಅನ್ನು ಒಪ್ಪಿಕೊಂಡು, ಅದರ ಸ್ಥಿರ ಆವೃತ್ತಿ ಬರುವವರೆಗೆ ಕಾದು, 2022ರ ಫೆಬ್ರುವರಿಯಲ್ಲಿ ಒಮ್ಮೆಗೇ ಬದಲಾಯಿಸಿತು. ನನಗೂ ಅದೇ ಸರಿಯೆನ್ನಿಸುತ್ತದೆ. ‘ಯಾವ ಸಾಲು ಯಾರದು ಎಂಬ ಇತಿಹಾಸ ಅಳಿಸಿಹೋಗುತ್ತದೆ’ ಎಂಬ ಆತಂಕಕ್ಕೆ ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನ 2019ರ 2.23 ಆವೃತ್ತಿ ಉತ್ತರ ಕೊಟ್ಟಿದೆ: ಶೈಲಿ ತಿದ್ದಿದ ಆ ಕಮಿಟ್‌ನ (ದಾಖಲಾದ ಬದಲಾವಣೆಯ) ಗುರುತನ್ನು ಒಂದು ಕಡತದಲ್ಲಿ ಬರೆದಿಟ್ಟು ಗಿಟ್‌ಗೆ ತೋರಿಸಿಕೊಟ್ಟರೆ, ಸಾಲು ಯಾರದೆಂದು ಹೇಳುವ ಬ್ಲೇಮ್ ಆಜ್ಞೆ ಅದನ್ನು ದಾಟಿ ಹಿಂದಿನ ಹೆಸರನ್ನೇ ತೋರಿಸುತ್ತದೆ.

ಪರಿಶೀಲನೆ ಸರ್ವರಿನಲ್ಲಷ್ಟೇ ನಡೆದರೆ ಸಾಲದು. ನೆಟ್‌ವರ್ಕ್ ಇರುವಾಗ ಒಮ್ಮೆ ಕಮಿಟ್ ಮಾಡುವ ಮುನ್ನವೇ ಪರಿಶೀಲಿಸುವ ಪ್ರೀ-ಕಮಿಟ್ ಸಾಧನವನ್ನು ಅಳವಡಿಸಿಕೊಂಡರೆ, ಆಮೇಲೆ ಅದು ನಮ್ಮ ಯಂತ್ರದಲ್ಲೇ, ಸಂಪರ್ಕವಿಲ್ಲದೆಯೂ ಓಡುತ್ತದೆ. ಎರಡೂ ಕಡೆ ಒಂದೇ ಆವೃತ್ತಿ ಇರಲಿ. ಬ್ಲ್ಯಾಕ್‌ನ ಸ್ಥಿರ ಶೈಲಿ ಒಂದು ವರ್ಷದೊಳಗೆ ಬದಲಾಗದಿದ್ದರೂ ಮುಂದಿನ ವರ್ಷ ಬದಲಾಗಬಹುದು. ಹಳೆಯ ಬಿಡುಗಡೆಗಳ ಶಾಖೆಗಳಿದ್ದರೆ ಅವನ್ನೂ ಅದೇ ದಿನ ತಿದ್ದಿಬಿಡಬೇಕು. ಇಲ್ಲವಾದರೆ ಭದ್ರತೆಯ ತಿದ್ದುಪಡಿಯೊಂದನ್ನು ಹಿಂದಿನ ಶಾಖೆಗೆ ಒಯ್ಯುವ ದಿನ ಸಾಲುಸಾಲಿಗೂ ಘರ್ಷಣೆ ಎದುರಾಗುತ್ತದೆ.