ಓಟಕ್ಕೆ ನೆಕ್‌ಬ್ಯಾಂಡ್, ಬಡ್ಸ್, ಬೋನ್ ಕಂಡಕ್ಷನ್: ದಾವಣಗೆರೆ ರಸ್ತೆಗಳಲ್ಲಿ ಮೂರನ್ನೂ ಹಾಕಿ ಓಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ದಾವಣಗೆರೆಯಂಥ ಊರಲ್ಲಿ ರಸ್ತೆ ಮೇಲೆ ಓಡುವವರಿಗೆ ಬೋನ್ ಕಂಡಕ್ಷನ್, ಅಂದರೆ ಕಿವಿಯೊಳಗೆ ಹೋಗದೆ ಮೂಳೆಯ ಮೂಲಕ ಸದ್ದು ಮುಟ್ಟಿಸುವ ಇಯರ್‌ಫೋನೇ ಸರಿ. ಹಾಡು ಚೆನ್ನಾಗಿ ಕೇಳುವುದರಲ್ಲಿ ಮೂರರ ಪೈಕಿ ಅದೇ ಹಿಂದೆ. ಬೆಲೆಯಲ್ಲಿ ಅದೇ ಮುಂದೆ. ಆದರೂ ನನ್ನ ಓಟಕ್ಕೆ ಅದೇ ಬೇಕು. ಉಳಿದ ಎರಡನ್ನೂ ದುಡ್ಡು ಕೊಟ್ಟು ತಂದು, ತಿಂಗಳುಗಟ್ಟಲೆ ಹಾಕಿಕೊಂಡು ಓಡಿದ್ದೇನೆ.

ಬ್ಯಾಟರಿ ಎಷ್ಟು ಗಂಟೆ ಬರುತ್ತದೆ, ಬ್ಲೂಟೂತ್ ಯಾವ ವರ್ಷನ್, ಅದೆಲ್ಲ ಡಬ್ಬಿ ಮೇಲೇ ಇರುತ್ತದೆ, ಓದಿಕೊಳ್ಳಿ.

ನನ್ನ ಓಟ ಹೇಗೆ ಅಂತ ಸ್ವಲ್ಪ ಹೇಳಬೇಕು, ಯಾಕೆಂದರೆ ನನ್ನ ತೀರ್ಪು ನಿಂತಿರುವುದು ಅದರ ಮೇಲೆ. 10 ಕಿ.ಮೀ. ಓಟಕ್ಕೆ ತಯಾರಿ ಮಾಡುತ್ತಿದ್ದೇನೆ. ವಾರದ ನಡುವೆ ಎಂಸಿಸಿ ಬಿ ಬ್ಲಾಕ್ ಕಡೆಯಿಂದ ನಿಧಾನದ ಓಟ. ಒಂದು ದಿನ ಜಿಲ್ಲಾ ಕ್ರೀಡಾಂಗಣದಲ್ಲಿ ವೇಗದ ಸುತ್ತುಗಳು. ಭಾನುವಾರ ಕುಂದವಾಡ ಕೆರೆವರೆಗೆ ಹೋಗಿ, ಏರಿ ಮೇಲೆ ಸುತ್ತಿ, ವಾಪಸ್ ಬರುವ ಉದ್ದದ ಓಟ. ಹೋಗುವಾಗ ಕತ್ತಲು, ರಸ್ತೆ ಖಾಲಿ. ಬರುವಾಗ ಹಾಲಿನ ಟೆಂಪೋ, ಸಿಟಿ ಬಸ್ಸು, ರಾಂಗ್ ಸೈಡಲ್ಲಿ ಬರುವ ಬೈಕು, ಎಲ್ಲ ಶುರುವಾಗಿರುತ್ತವೆ. ಫುಟ್‌ಪಾತ್ ಮೇಲೆ ಓಡೋಣ ಅಂದರೆ ಎರಡು ಅಂಗಡಿ ದಾಟುವಷ್ಟರಲ್ಲಿ ಒಂದು ಬೋರ್ಡೋ ನಿಲ್ಲಿಸಿದ ಗಾಡಿಯೋ ಅಡ್ಡ ಬರುತ್ತದೆ. ರಸ್ತೆಗೇ ಇಳಿಯಬೇಕು. ಇಳಿದ ಮೇಲೆ ಹಿಂದಿನಿಂದ ಏನು ಬರುತ್ತಿದೆ ಅಂತ ತಿಳಿಸುವುದು ಕಿವಿಯೊಂದೇ. ಈಗಂತೂ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಇಂಜಿನ್ ಸದ್ದೇ ಇಲ್ಲ. ಟೈರಿನ ಸಣ್ಣ ಸರ್ ಅನ್ನೋ ಸದ್ದಷ್ಟೇ.

ನೆಕ್‌ಬ್ಯಾಂಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಾವಿರದ ನೂರು ರೂಪಾಯಿ. ಕಳೆದುಹೋಗುವುದಿಲ್ಲ, ಕಿವಿಯಿಂದ ಬಿದ್ದರೂ ಕತ್ತಲ್ಲೇ ನೇತಾಡುತ್ತದೆ. ಆದರೆ ವೇಗ ಹೆಚ್ಚಿಸಿದ ಕೂಡಲೇ ಬ್ಯಾಂಡು ಕತ್ತಿನ ಬುಡದಲ್ಲಿ ಕುಣಿಯುತ್ತದೆ. ಬೆವರು ಬಂದ ಮೇಲೆ ಒಂದು ಕಡೆ ಜಾರುತ್ತದೆ. ಹಿಂದೆ ತಿರುಗಿ ನೋಡಿದರೆ ವೈರು ಎಳೆದು ಒಂದು ಕಿವಿಯದು ಹೊರಗೆ ಬರುತ್ತದೆ. ಆಫೀಸಿನಲ್ಲಿ ಫೋನ್ ಮಾತಿಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ನಾನು ಈಗಲೂ ಅಲ್ಲಿ ಬಳಸುತ್ತೇನೆ.

ಬಡ್ಸ್ ವಿಚಾರಕ್ಕೆ ಬರೋಣ. ಹದಿನೆಂಟು ನೂರು ಕೊಟ್ಟು ತಂದೆ. ಮನೆಯಲ್ಲಿ ಕೂತು ಕೇಳಿದರೆ ಬಹಳ ಚೆನ್ನ. ಬೇಸ್ ಗಿಟಾರ್ ಒಂದೊಂದು ತಂತಿ ಬೇರೆ ಬೇರೆ ಕೇಳುತ್ತದೆ. ಓಡಲು ಶುರು ಮಾಡಿದ ಮೊದಲ ದಿನವೇ ಒಂದು ಕಾಟ ಶುರುವಾಯಿತು. ಪ್ರತಿ ಹೆಜ್ಜೆಗೂ ಕಿವಿಯೊಳಗೆ ದಪ್ ದಪ್ ದಪ್. ಶೂ ಸರಿ ಇಲ್ಲವೇನೋ ಅಂತ ಹಳೆಯ ಶೂ ಹಾಕಿ ನೋಡಿದೆ. ಅದೇ ಸದ್ದು. ಕೆರೆ ಏರಿಯ ಮಣ್ಣಿನ ಮೇಲೆ ಓಡಿದರೂ ಅದೇ. ಮೊಬೈಲಲ್ಲಿ ಹಾಡು ನಿಲ್ಲಿಸಿದರೆ ಇನ್ನೂ ಜೋರು. ಉಸಿರಾಟವೂ ಹಾಗೆಯೇ, ಹತ್ತಿರ ಯಾರೋ ಏದುಸಿರು ಬಿಡುತ್ತಿರುವಂತೆ ಕೇಳುತ್ತದೆ.

ಇದು ಬಡ್ಸ್ ಕೆಟ್ಟು ಬರುವ ಸದ್ದಲ್ಲ. ಬೇಕಾದರೆ ನೀವೇ ನೋಡಿ. ಎರಡೂ ಕಿವಿಯನ್ನು ಬೆರಳಿಂದ ಗಟ್ಟಿ ಮುಚ್ಚಿಕೊಂಡು ಒಂದು ಹಿಡಿ ಮಂಡಕ್ಕಿ ಜಗಿಯಿರಿ. ಜಗಿಯುವ ಸದ್ದು ತಲೆ ತುಂಬ ಕೇಳುತ್ತದೆ ಅಲ್ವಾ? ಕಾಲು ನೆಲಕ್ಕೆ ಬಿದ್ದಾಗ ಆ ಅದುರು ಮೂಳೆಗಳ ಮೂಲಕ ತಲೆವರೆಗೆ ಬರುತ್ತದೆ. ಕಿವಿಯ ನಾಳದ ಗೋಡೆಯೂ ಸಣ್ಣಗೆ ಅದುರುತ್ತದೆ. ಕಿವಿ ತೆರೆದಿದ್ದರೆ ಆ ಸದ್ದಿನ ಬಹುಪಾಲು ಹೊರಗೆ ಹೋಗಿಬಿಡುತ್ತದೆ. ಬಡ್ಸಿನ ರಬ್ಬರ್ ತುದಿ ನಾಳವನ್ನು ಮುಚ್ಚಿದರೆ ಹೊರಗೆ ಹೋಗಲು ದಾರಿಯೇ ಇಲ್ಲ. ಎಲ್ಲ ಒಳಗೇ ಉಳಿದು ಕಿವಿ ತಮಟೆಗೆ ಬಡಿಯುತ್ತದೆ. ದಪ್ಪ ದನಿಯ ಸದ್ದುಗಳೇ ಹೀಗೆ ಜಾಸ್ತಿಯಾಗುವುದು. ಶ್ರವಣ ಸಾಧನ ಹಾಕಿಕೊಳ್ಳುವ ಹಿರಿಯರು ‘ನನ್ನ ದನಿ ನನಗೇ ಡಬ್ಬದೊಳಗಿಂದ ಕೇಳುತ್ತದೆ’ ಅನ್ನುವುದೂ ಇದೇ ಕಾರಣಕ್ಕೆ. ಅದನ್ನು ಕಡಿಮೆ ಮಾಡಲೆಂದೇ ಆ ಸಾಧನಗಳಲ್ಲಿ ಸಣ್ಣ ತೂತು ಬಿಟ್ಟಿರುತ್ತಾರೆ.

ರಾಕ್ ಕೇಳುವವರಿಗೆ ಈ ದಪ್ ದಪ್ ಇನ್ನೂ ದೊಡ್ಡ ತೊಂದರೆ. ನಾನು ಓಡುವಾಗ ನಿಮಿಷಕ್ಕೆ 165ರ ಆಸುಪಾಸು ಹೆಜ್ಜೆ ಇಡುತ್ತೇನೆ. ರಾಕ್ ಹಾಡುಗಳಲ್ಲಿ ಬಹಳಷ್ಟು ನಿಮಿಷಕ್ಕೆ 110ರಿಂದ 140 ಬೀಟ್ ಒಳಗೆ ಇರುತ್ತವೆ. ಡ್ರಮ್ ಒಂದು ತಾಳ ಹಿಡಿದಿರುತ್ತದೆ, ನನ್ನ ಕಾಲು ಇನ್ನೊಂದು. ಎರಡೂ ಅಷ್ಟೇ ಜೋರಾಗಿ, ಒಂದೇ ಜಾಗದಲ್ಲಿ, ಕಿವಿಯೊಳಗೇ ಬಡಿಯುತ್ತವೆ. ಕೊನೆಗೆ ಹಾಡೂ ಇಲ್ಲ, ಓಟದ ಲಯವೂ ಇಲ್ಲ.

ಸಣ್ಣ ಸೈಜಿನ ರಬ್ಬರ್ ಹಾಕಿದೆ. ದಪ್ ದಪ್ ಕಡಿಮೆಯಾಯಿತು, ಅದರ ಜೊತೆಗೆ ಬೇಸೂ ಹೋಯಿತು, ಬಡ್ಸೂ ಕಿವಿಯಿಂದ ಜಾರತೊಡಗಿತು. ಅಕ್ಕನ ಹತ್ತಿರ ಹೊರಗಿನ ಸದ್ದನ್ನು ಮೈಕಿನಿಂದ ಹಿಡಿದು ಒಳಗೆ ಬಿಡುವ ದುಬಾರಿ ಬಡ್ಸ್ ಇದೆ. ಅದನ್ನೂ ಇಸಕೊಂಡು ಹೋಗಿ ನೋಡಿದೆ. ಹಾರ್ನ್ ಚೆನ್ನಾಗಿ ಕೇಳುತ್ತದೆ, ಒಪ್ಪುತ್ತೇನೆ. ಆದರೆ ಕೆರೆ ಏರಿ ಮೇಲೆ ಗಾಳಿ ಬೀಸಿದಾಗ ಮೈಕಿಗೆ ಗಾಳಿ ಬಡಿದು ಬುಸ್ ಬುಸ್ ಅನ್ನುತ್ತದೆ. ಹೆಜ್ಜೆಯ ಸದ್ದಂತೂ ಅದರಲ್ಲೂ ಪೂರ್ತಿ ಹೋಗಲಿಲ್ಲ.

ಬೆವರಿನ ಬೆರಳು ತಾಗಿ ಹಾಡು ನಿಂತುಹೋಗುವುದು ಬೇರೆ. ಟಚ್ ಬಡ್ಸ್‌ನಲ್ಲಿ ಇದು ಇದ್ದದ್ದೇ.

ಇಷ್ಟಾದರೂ ಬಡ್ಸನ್ನು ತಕ್ಷಣ ಬಿಡಲಿಲ್ಲ, ದಪ್ ದಪ್ ಮುಳುಗಿಸಲು ವಾಲ್ಯೂಮ್ ಏರಿಸಿಕೊಂಡು ಓಡುತ್ತಿದ್ದೆ. ಬೆಂಗಳೂರಿನಲ್ಲಿ ಒಂದು ರಾಕ್ ಕಾರ್ಯಕ್ರಮಕ್ಕೆ ಟಿಕೆಟ್ ತೆಗೆದಿದ್ದೆ. ಆ ಬ್ಯಾಂಡಿನ ಹಾಡುಗಳನ್ನೇ ಓಟದಲ್ಲಿ ಕೇಳುತ್ತಿದ್ದೆ. ಒಂದು ಉದ್ದದ ಹಾಡು ಇದೆ. ನಿಧಾನಕ್ಕೆ ಶುರುವಾಗಿ ಕೊನೆಯಲ್ಲಿ ಡ್ರಮ್ ಎರಡು ಪಟ್ಟು ವೇಗಕ್ಕೆ ಹೋಗುತ್ತದೆ. ಉದ್ದದ ಓಟದ ಕೊನೆಯ ಕಿಲೋಮೀಟರಿಗೆ ನಾನು ಇಟ್ಟುಕೊಳ್ಳುವುದು ಅದನ್ನೇ. ವೇದಿಕೆಯಲ್ಲಿ ಆ ಡ್ರಮ್ ಕೇಳಬೇಕು ಅಂತಲೇ ತಮ್ಮನನ್ನೂ ಹೊರಡಿಸಿಕೊಂಡು ರೈಲು ಹತ್ತಿದೆ.

ಕಾರ್ಯಕ್ರಮ ಗಂಟೆಗೂ ಹೆಚ್ಚು ತಡವಾಗಿ ಶುರುವಾಯಿತು. ನಾವು ನಿಂತ ಕಡೆ ಬೇಸ್ ಎದೆಗೆ ಗುದ್ದುತ್ತಿತ್ತು, ಹಾಡುವವರ ಮಾತು ಒಂದೂ ತಿಳಿಯುತ್ತಿರಲಿಲ್ಲ. ಆ ಉದ್ದದ ಹಾಡನ್ನು ಕೊನೆಗೆ ಇಟ್ಟಿದ್ದರು. ಅರ್ಧ ದಾಟಿ, ಡ್ರಮ್ ಇನ್ನೇನು ವೇಗ ಹಿಡಿಯಬೇಕು, ಸ್ಪೀಕರ್ ಬಂದ್. ರಾತ್ರಿ 10 ಗಂಟೆ. ಮೈಕಿಲ್ಲದ ಡ್ರಮ್ ಒಂದೇ ಸ್ವಲ್ಪ ಹೊತ್ತು ಸಣ್ಣಗೆ ಕೇಳಿತು. ಆಮೇಲೆ ದೊಡ್ಡ ದೀಪಗಳು ಹತ್ತಿದವು, ಎಲ್ಲರೂ ಗೇಟಿನ ಕಡೆ ತಿರುಗಿದರು.

ನಿಯಮದ ಮೇಲೆ ನನಗೆ ಸಿಟ್ಟಿಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷದಲ್ಲಿ ಹೆಚ್ಚೆಂದರೆ 15 ದಿನ, ಹಬ್ಬ ಮತ್ತು ಸಾಂಸ್ಕೃತಿಕ ಸಂದರ್ಭಗಳಿಗೆ ರಾಜ್ಯ ಸರ್ಕಾರ 12 ಗಂಟೆವರೆಗೆ ಸಡಿಲಿಕೆ ಕೊಡಬಹುದು. ಅಕ್ಕಪಕ್ಕದಲ್ಲಿ ಮಲಗುವ ಮಕ್ಕಳು, ವಯಸ್ಸಾದವರು ಇರುತ್ತಾರೆ, ನಿಯಮ ಸರಿಯಾಗಿಯೇ ಇದೆ. 10 ಗಂಟೆಗೆ ನಿಲ್ಲಿಸಬೇಕು ಅಂತ ಗೊತ್ತಿದ್ದವರು ಹೊತ್ತಿಗೆ ಸರಿಯಾಗಿ ಶುರು ಮಾಡಬೇಕಿತ್ತು. ದೂರದ ಊರುಗಳಿಂದ ಟಿಕೆಟ್ ತೆಗೆದುಕೊಂಡು ಬಂದ ಜನಕ್ಕೆ ಅಷ್ಟು ಮರ್ಯಾದೆ ಕೊಡಬೇಕು.

ಮೈದಾನದಿಂದ ಹೊರಗೆ ಬಂದಾಗ ಕಿವಿಯಲ್ಲಿ ಕುಂಯ್ ಅನ್ನುತ್ತಿತ್ತು. ತಮ್ಮ ಮಾತಾಡಿದ್ದು ದೂರದಿಂದ ಬಂದ ಹಾಗಿತ್ತು. ಮರುದಿನವೂ ಆ ಕುಂಯ್ ಪೂರ್ತಿ ಹೋಗಿರಲಿಲ್ಲ. ಆಗ ಕಿವಿ ಬಗ್ಗೆ ಕೂತು ಓದಿದೆ. ಕಾರ್ಖಾನೆ ಕೆಲಸಗಾರರಿಗೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹಾಕಿರುವ ಮಿತಿ 85 ಡೆಸಿಬೆಲ್‌ಗೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದರೆ ಹೊತ್ತು ಅರ್ಧ. ಅಂದರೆ 100 ಡೆಸಿಬೆಲ್‌ಗೆ 15 ನಿಮಿಷ ಅಷ್ಟೇ! ರಾಕ್ ಮೈದಾನದಲ್ಲಿ 100 ದಾಟುವುದು ಮಾಮೂಲಿ. ಇಯರ್‌ಫೋನಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಒಳಗೆ. ದಪ್ ದಪ್ ಮುಳುಗಿಸಲು ಬಡ್ಸಿನ ವಾಲ್ಯೂಮ್ ಏರಿಸುವ ಅಭ್ಯಾಸವನ್ನು ಅವತ್ತೇ ಬಿಟ್ಟೆ. ವಾಲ್ಯೂಮ್ ಏರಿಸದೆ ಬಡ್ಸ್ ಹಾಕಿ ಓಡಲು ಆಗುತ್ತಿರಲಿಲ್ಲ. ಹಾಗಾಗಿ ಬಡ್ಸ್ ಮನೆಯಲ್ಲೇ ಉಳಿಯಿತು. ಆ ವಾರವೇ ಬೋನ್ ಕಂಡಕ್ಷನ್ ಆರ್ಡರ್ ಮಾಡಿದೆ. ಏಳೂವರೆ ಸಾವಿರ.

ಇದು ಕಿವಿಯೊಳಗೆ ಹೋಗುವುದೇ ಇಲ್ಲ. ಕಿವಿಯ ಮುಂದಿನ ಕೆನ್ನೆಯ ಮೂಳೆ ಮೇಲೆ ಕೂತು ಅದುರುತ್ತದೆ. ಆ ಅದುರು ಮೂಳೆಯ ಮೂಲಕ ಒಳಕಿವಿಗೆ ಮುಟ್ಟುತ್ತದೆ. ಕಿವಿನಾಳ ಪೂರ್ತಿ ತೆರೆದಿರುತ್ತದೆ. ಮೊದಲ ದಿನ ಓಡಿದಾಗ ಹೆಜ್ಜೆಯ ದಪ್ ದಪ್ ಇಲ್ಲ. ಶೂ ರಸ್ತೆಗೆ ತಾಗುವ ಸಹಜ ಸದ್ದು ಹೊರಗಿನಿಂದ ಬರುತ್ತಿತ್ತು. ಹಿಂದೆ ಸ್ಕೂಟರ್ ಬಂದದ್ದು ತಿಳಿಯಿತು. ಬೀದಿ ನಾಯಿ ಗುರ್ ಅಂದದ್ದು ಅದು ಎದ್ದು ನಿಲ್ಲುವ ಮೊದಲೇ ಕೇಳಿತು. ಉಸಿರು ಎಷ್ಟು ಏರಿದೆ ಅಂತಲೂ ಗೊತ್ತಾಗುತ್ತದೆ. ನಿಧಾನದ ಓಟದಲ್ಲಿ ಅದು ಬೇಕೇ ಬೇಕು. ಪೂರ್ತಿ ವಾಕ್ಯ ಮಾತಾಡಲು ಆಗದಷ್ಟು ಉಸಿರು ಹತ್ತಿದರೆ ವೇಗ ಇಳಿಸಬೇಕು, ಇಲ್ಲದಿದ್ದರೆ ಅದು ನಿಧಾನದ ಓಟ ಆಗುವುದಿಲ್ಲ. ಕೆರೆ ಏರಿ ಮೇಲೆ ಭಾನುವಾರ ಸಿಗುವ ಅಂಕಲ್ ‘ಏನಪ್ಪಾ, ಎಷ್ಟ್ ಸುತ್ತಾಯ್ತು?’ ಅಂದರೆ ಏನನ್ನೂ ತೆಗೆಯದೆ ಉತ್ತರ ಕೊಡಬಹುದು.

ಕೊರತೆಗಳಿವೆ. ಬೇಸ್ ತೆಳು. ವಾಲ್ಯೂಮ್ ಏರಿಸಿದರೆ ಕೆನ್ನೆಯಲ್ಲಿ ಕಚಗುಳಿ ಆಗುತ್ತದೆ. ಪಿ.ಬಿ. ರಸ್ತೆಯಲ್ಲಿ ಬಸ್ಸು ಪಕ್ಕಕ್ಕೆ ಬಂದರೆ ಹಾಡು ಕೇಳುವುದೇ ಇಲ್ಲ. ಅಲ್ಲಿ ನಾನು ಹಾಡು ನಿಲ್ಲಿಸಿಬಿಡುತ್ತೇನೆ, ವಾಲ್ಯೂಮ್ ಏರಿಸುವುದಿಲ್ಲ. ಕಿವಿ ತಮಟೆ ಮುಟ್ಟುವುದಿಲ್ಲ, ಹಾಗಾಗಿ ಎಷ್ಟು ಜೋರಾದರೂ ಪರವಾಗಿಲ್ಲ ಅಂತ ಕೆಲವರು ಹೇಳುತ್ತಾರೆ, ನಂಬಬೇಡಿ. ಜೋರು ಸದ್ದು ಹಾಳು ಮಾಡುವುದು ಒಳಕಿವಿಯ ಸೂಕ್ಷ್ಮ ಕೋಶಗಳನ್ನು. ಇದರ ಸದ್ದು ಹೋಗಿ ಮುಟ್ಟುವುದೂ ಅಲ್ಲಿಗೇ.

ಬೇಸ್ ಬಗ್ಗೆ ಒಂದು ವಿಷಯ ಹೇಳಲೇಬೇಕು, ಇದು ನನಗೆ ಬಹಳ ಖುಷಿ ಕೊಟ್ಟಿತು. ಕೆಲಸದ ಮೇಲೆ ಬೆಂಗಳೂರಿಗೆ ಹೋಗಿ ರಾತ್ರಿ ರೈಲಿನಲ್ಲಿ ವಾಪಸ್ ಬರುತ್ತಿದ್ದೆ. ಬೋಗಿಯ ಗದ್ದಲ ತಡೆಯಲು ಮೆಡಿಕಲ್ ಶಾಪಿನ ಸ್ಪಂಜಿನ ಇಯರ್‌ಪ್ಲಗ್ ಕಿವಿಗೆ ಹಾಕಿಕೊಂಡು, ಮೇಲೆ ಇದನ್ನು ಹಾಕಿದೆ. ತೆಳುವಾಗಿದ್ದ ಬೇಸ್ ಒಮ್ಮೆಲೇ ತುಂಬಿ ಬಂತು! ಬಡ್ಸಿನಲ್ಲಿ ಹೆಜ್ಜೆಯ ಸದ್ದನ್ನು ದೊಡ್ಡದು ಮಾಡಿದ್ದು ಮುಚ್ಚಿದ ಕಿವಿ. ಇಲ್ಲಿ ಬೇಸನ್ನು ದೊಡ್ಡದು ಮಾಡಿದ್ದೂ ಅದೇ ಮುಚ್ಚಿದ ಕಿವಿ. ವಾಲ್ಯೂಮ್ ತೀರಾ ಇಳಿಸಿ, ಮೈದಾನದಲ್ಲಿ ಅರ್ಧಕ್ಕೆ ನಿಂತ ಆ ಹಾಡನ್ನು ಕೊನೆಯವರೆಗೂ ಕೇಳಿದೆ. ರಸ್ತೆಯಲ್ಲಿ ಮಾತ್ರ ಪ್ಲಗ್ ಹಾಕಿ ಓಡಬೇಡಿ, ಕಿವಿ ತೆರೆದಿರಲಿ ಅಂತಲೇ ಇದಕ್ಕೆ ಅಷ್ಟು ದುಡ್ಡು ಕೊಡುವುದು.

ಹಾಗಾದರೆ ಯಾರಿಗೆ ಯಾವುದು? ಜಿಮ್ಮಿನ ಟ್ರೆಡ್‌ಮಿಲ್ ಮೇಲೆ ಮಾತ್ರ ಓಡುವವರಿಗೆ ಏಳೂವರೆ ಸಾವಿರ ದಂಡ. ಅಲ್ಲಿ ಹಿಂದಿನಿಂದ ಗಾಡಿ ಬರುವುದಿಲ್ಲ, ಸ್ಪೀಕರ್ ಹಾಡೂ ಇರುತ್ತದೆ. ದಪ್ ದಪ್ ಸಹಿಸುವವರಾದರೆ ಬಡ್ಸ್ ಸಾಕು. ಕ್ರೀಡಾಂಗಣದ ಟ್ರ್ಯಾಕಿನಲ್ಲಿ ನಾನು ಏನನ್ನೂ ಹಾಕುವುದಿಲ್ಲ. ವೇಗದ ಸುತ್ತುಗಳಲ್ಲಿ ಗಮನ ಗಡಿಯಾರದ ಮೇಲಿರಬೇಕು. ವರ್ಲ್ಡ್ ಅಥ್ಲೆಟಿಕ್ಸ್ ನಿಯಮದ ಪ್ರಕಾರ ನಡೆಯುವ ಸ್ಪರ್ಧೆಗಳಲ್ಲಂತೂ ಓಟಗಾರರು ಇಂಥ ಸಾಧನ ಇಟ್ಟುಕೊಳ್ಳುವಂತಿಲ್ಲ. ಬಜೆಟ್ ಎರಡು ಸಾವಿರದೊಳಗೆ, ಓಟ ರಸ್ತೆ ಮೇಲೆ ಅಂದರೆ ನೆಕ್‌ಬ್ಯಾಂಡ್ ತಗೊಂಡು ಒಂದೇ ಕಿವಿಗೆ ಹಾಕಿ, ರಸ್ತೆ ಕಡೆಯ ಕಿವಿ ಖಾಲಿ ಬಿಡಿ. ರಸ್ತೆಯಲ್ಲಿ ವಾರವಿಡೀ ಓಡುವವರು ಸ್ವಲ್ಪ ದುಡ್ಡು ಕೂಡಿಟ್ಟಾದರೂ ಬೋನ್ ಕಂಡಕ್ಷನ್ ತಗೊಳ್ಳಿ. ಗಾಡಿ ಓಡಿಸುವಾಗ ಮೂರೂ ಬೇಡ.

ಬೋನ್ ಕಂಡಕ್ಷನ್ ತಗೊಳ್ಳುವ ಮೊದಲು ಸಾಧ್ಯವಾದರೆ ಅಂಗಡಿಗೇ ಹೋಗಿ ಹಾಕಿ ನೋಡಿ. ತಲೆ ಹಿಂದೆ ಬರುವ ಪಟ್ಟಿ ಎಲ್ಲರ ತಲೆಗೂ ಒಂದೇ ಥರ ಕೂರುವುದಿಲ್ಲ. ಹಾಕಿಕೊಂಡು ಭುಜದ ಮೇಲಿಂದ ಹಿಂದೆ ನೋಡಿ, ಪಟ್ಟಿ ಕಾಲರಿಗೆ ತಾಗಿ ಮೇಲೇಳುತ್ತದೆಯೇ ಗಮನಿಸಿ. ನಿಂತಲ್ಲೇ ನಾಲ್ಕು ಸಲ ಎಗರಿ. ಕನ್ನಡಕ ಹಾಕುವವರು ಕನ್ನಡಕದ ಜೊತೆಗೇ ನೋಡಿ. ಚಾರ್ಜರ್ ಮಾಮೂಲಿ ಟೈಪ್-ಸಿ ಇದೆಯೇ ಕೇಳಿ. ನನ್ನದಕ್ಕೆ ಬೇರೆಯೇ ಮ್ಯಾಗ್ನೆಟ್ ಕೇಬಲ್ ಬೇಕು. ಊರಿಗೆ ಹೋದಾಗ ಅದನ್ನು ಮರೆತರೆ ಅಲ್ಲಿ ಯಾರ ಹತ್ತಿರವೂ ಸಿಗುವುದಿಲ್ಲ.